ಡೇಟಾಬೇಸ್‌ನಿಂದ ನೇರವಾಗಿ ಇನ್‌ಡಿಸೈನ್ ಟೇಬಲ್: ಕ್ಯಾಟಲಾಗ್ ಮಾಡುವವರು ಸ್ವಲ್ಪ ದಾರಿ ಹೇಳಿ

ಸಂತೆಪೇಟೆ_ಡಿಟಿಪಿ (ಹಾಸನ)

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ಕಡೆಯ ಒಬ್ಬ ಡೀಲರ್ ತೋಟದ ಸಾಮಾನಿನ ಕ್ಯಾಟಲಾಗ್ ಮಾಡಿಸುತ್ತಿದ್ದಾರೆ. ಬ್ರಷ್ ಕಟರ್, ಸ್ಪ್ರೇಯರ್, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಬಿಡಿಭಾಗ, ಸ್ಪ್ರಿಂಕ್ಲರ್ ಫಿಟ್ಟಿಂಗ್, ಗರಗಸದ ಚೈನು, ಎಲ್ಲ ಸೇರಿ ಎರಡು ಸಾವಿರದ ಹತ್ತಿರ ಐಟಂ. ಪ್ರತಿ ಐಟಂಗೆ ಪಾರ್ಟ್ ನಂಬರ್, ಕನ್ನಡ ಹೆಸರು, ಸೈಜು, ಎಚ್‌ಎಸ್‌ಎನ್ (ಜಿಎಸ್‌ಟಿಗೆ ಸಾಮಾನು ವಿಂಗಡಿಸುವ ಕೋಡ್), ಜಿಎಸ್‌ಟಿ, ಎಂಆರ್‌ಪಿ. ಎ5 ಪುಸ್ತಕ, ಒಳಗೆ ಒಂದೇ ಬಣ್ಣ, ಸೆಂಟರ್ ಪಿನ್ (ಮಡಿಕೆಯ ಮೇಲೆ ಪಿನ್ ಹೊಡೆಯುವುದು). ತೋಟದ ರೈಟರ್‌ಗಳು (ಲೆಕ್ಕ ಬರೆಯುವ ಗುಮಾಸ್ತರು) ಮೇಜಿನ ಮೇಲೆ ಇಟ್ಟುಕೊಂಡು ಫೋನಿನಲ್ಲಿ ಆರ್ಡರ್ ಹೇಳುವ ಪುಸ್ತಕ ಇದು.

ಹೋದ ಸಲದವರೆಗೆ ಎಕ್ಸೆಲ್‌ನಿಂದ ಕಾಪಿ ಮಾಡಿ ಇನ್‌ಡಿಸೈನ್‌ನಲ್ಲಿ (ಪುಟ ಜೋಡಿಸುವ ಸಾಫ್ಟ್‌ವೇರ್) ಪೇಸ್ಟ್ ಮಾಡಿ ಟೇಬಲ್ ಕೂರಿಸುತ್ತಿದ್ದೆವು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತಲ್ಲ, 12 ಪರ್ಸೆಂಟ್ ಸ್ಲ್ಯಾಬೇ ಹೋಯಿತು, ಕೃಷಿ ಯಂತ್ರಗಳು 5ಕ್ಕೆ ಇಳಿದವು. ಪುಸ್ತಕದ ಒಂದು ಪುಟವೂ ಹಾಗೇ ಉಳಿಯಲಿಲ್ಲ. ಇನ್ನು ಮೇಲೆ ವರ್ಷಕ್ಕೆ ಎರಡು ಸಲ ಪರಿಷ್ಕರಣೆ ಬೇಕಂತೆ. ಮುಂದಿನದು ರೊಬಸ್ಟಾಗೆ ಹೂ ನೀರು ಕೊಡುವ ಮೊದಲೇ, ಅಂದರೆ ಫೆಬ್ರವರಿಗೆ ಮುಂಚೆ ಕೈಗೆ ಸಿಗಬೇಕು. ಸ್ಪ್ರಿಂಕ್ಲರ್ ಸಾಮಾನು ಓಡುವುದೇ ಆಗ.

ಅವರ ಬಿಲ್ಲಿಂಗ್ ಡೇಟಾ ಮೈಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿ ಇದೆ. ಇನ್‌ಡಿಸೈನ್‌ನ ಡೇಟಾ ಮರ್ಜ್ (ಪಟ್ಟಿಯಿಂದ ಮಾಹಿತಿ ತುಂಬುವ ಸೌಲಭ್ಯ) ಹಾಕಿ ನೋಡಿದೆ. ಪ್ರತಿ ಐಟಂಗೆ ಒಂದು ಬಾಕ್ಸ್ ಬರುತ್ತದೆ. ನನಗೆ ಬೇಕಾಗಿರುವುದು ಪುಟದಿಂದ ಪುಟಕ್ಕೆ ಹರಿಯುವ ಒಂದು ಟೇಬಲ್. ಯಾರಾದರೂ ಮಾಡಿದ್ದೀರಾ?

ಹೊಯ್ಸಳ_ಗ್ರಿಡ್ (ಹಾಸನ)

ಡೇಟಾ ಮರ್ಜ್ ಇದಕ್ಕೆ ಹುಟ್ಟಿದ್ದಲ್ಲ ಸರ್. ಐಡಿ ಕಾರ್ಡು, ಸರ್ಟಿಫಿಕೇಟು, ವಿಳಾಸದ ಲೇಬಲ್ಲು, ಇಂಥದ್ದಕ್ಕೆ ಮಾತ್ರ ಅದು. ಒಂದು ದಾಖಲೆಗೆ ಒಂದು ಫ್ರೇಮ್ (ಅಕ್ಷರ ಕೂರುವ ಚೌಕ) ಅಂತಲೇ ಅದರ ಲೆಕ್ಕ. ಟೇಬಲ್ ಸೆಲ್ ಒಳಗೆ ಫೀಲ್ಡ್ ಇಡಬಹುದು, ಆದರೆ ಮುಂದಿನ ದಾಖಲೆ ಬಂದಾಗ ಅದೇ ಟೇಬಲ್‌ಗೆ ಹೊಸ ಸಾಲು ಸೇರುವುದಿಲ್ಲ. ಇಡೀ ಫ್ರೇಮೇ ಇನ್ನೊಂದು ಸಲ ಬರುತ್ತದೆ. ಒಂದೇ ಸಾಲಿನ ಟೇಬಲ್ ಮಾಡಿ ಪುಟಕ್ಕೆ ಮೂವತ್ತು ಸಲ ಬರಿಸಿದರೆ ದೂರದಿಂದ ಟೇಬಲ್ ಥರಾನೇ ಕಾಣುತ್ತದೆ. ಹೆಸರು ಎರಡು ಲೈನ್ ಆಯಿತು ಅನ್ನಿ, ಆ ಫ್ರೇಮ್ ಬೆಳೆಯುವುದಿಲ್ಲ, ಅಕ್ಷರ ಹಿಡಿಸಲಿಲ್ಲ ಅಂತ ಕೆಂಪು ಪ್ಲಸ್ ಬರುತ್ತದೆ. ಹೆಡರ್ ರೋ (ಪ್ರತಿ ಪುಟದ ಮೇಲೂ ಬರುವ ತಲೆಸಾಲು) ಅನ್ನುವುದೂ ಇರುವುದಿಲ್ಲ.

ಫೋಟೋ ಇರುವ ಪುಟಗಳಿಗೆ ಮಾತ್ರ ಅದನ್ನು ಇಟ್ಟುಕೊಳ್ಳಿ. ಕಾಲಂ ಹೆಸರಿನ ಮುಂದೆ @ ಹಾಕಿ ಫೈಲ್ ದಾರಿ ಕೊಟ್ಟರೆ ಚಿತ್ರ ತಾನೇ ಬಂದು ಕೂರುತ್ತದೆ. ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಹಳೇ_ಮೊಳೆ (ಚಿಕ್ಕಮಗಳೂರು)

ತಮ್ಮಾ, ನಾನು ಮೊಳೆ (ಸೀಸದ ಅಚ್ಚಕ್ಷರ) ಜೋಡಿಸುವ ಕಾಲದಿಂದ ಪ್ರೆಸ್ಸಿನಲ್ಲಿದ್ದೇನೆ. ಆಗ ಟೇಬಲ್ ಅಂದರೆ ಹಿತ್ತಾಳೆ ರೂಲ್ ಕತ್ತರಿಸಿ ಒಂದೊಂದೇ ನಿಲ್ಲಿಸಬೇಕಿತ್ತು. ಈಗ ಕಂಪ್ಯೂಟರ್ ಇದ್ದೂ ನಿಮಗೆ ಕಷ್ಟ. ನೀವು ಸ್ಕ್ರಿಪ್ಟು ಗಿಪ್ಟು ಅಂತ ಬರೆದು ಮುಗಿಸುವ ಹೊತ್ತಿಗೆ ನಮ್ಮ ಹುಡುಗ ಪೇಜ್‌ಮೇಕರ್‌ನಲ್ಲಿ (ಇನ್‌ಡಿಸೈನ್‌ಗಿಂತ ಹಳೆಯ ಸಾಫ್ಟ್‌ವೇರ್) ಟ್ಯಾಬ್ ಹಾಕಿ ಪ್ರೂಫ್ ಕೊಟ್ಟಿರುತ್ತಾನೆ. ಕಣ್ಣಿಂದ ನೋಡಿ ಕೂರಿಸಿದ ಪುಟದ ಹದವೇ ಬೇರೆ.

ಕಾಫಿಕಣಿವೆ (ಚಿಕ್ಕಮಗಳೂರು)

ಹಳೇ ಮೊಳೆ ಸರ್, ಒಂದು ಸಲ ಮಾಡಿ ಮರೆಯುವ ಕೆಲಸ ಆಗಿದ್ದರೆ ನೀವು ಹೇಳಿದ್ದೇ ಸರಿ. ಇವರಿಗೆ ವರ್ಷಕ್ಕೆ ಎರಡು ಸಲ. ಜೊತೆಗೆ ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ, ಆಮೇಲೆ ಅದಕ್ಕೆ ಹೊಸ ದೊಡ್ಡ ಆವೃತ್ತಿ ಬರಲೇ ಇಲ್ಲ. ಯೂನಿಕೋಡ್ (ಎಲ್ಲ ಭಾಷೆಗೂ ಒಂದೇ ಅಕ್ಷರ ಸಂಕೇತ ವ್ಯವಸ್ಥೆ) ಅದಕ್ಕೆ ಗೊತ್ತಿಲ್ಲ. ಡೇಟಾಬೇಸ್ ಜೊತೆ ಮಾತಾಡಬೇಕು ಅಂದರೆ ಅಲ್ಲಿಗೇ ದಾರಿ ಮುಚ್ಚಿತು.

ಸಂತೆಪೇಟೆ ಅಣ್ಣಾ, ನಿಮಗೆ ಇರುವ ದಾರಿಗಳನ್ನು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಎಲ್ಲಕ್ಕಿಂತ ಸುಲಭ ಅಂದರೆ ಎಕ್ಸೆಲ್ ಫೈಲನ್ನು ಲಿಂಕ್ ಮಾಡಿ ಪ್ಲೇಸ್ ಮಾಡುವುದು (ಪುಟದೊಳಗೆ ತಂದು ಕೂರಿಸುವುದು). ಪ್ರಿಫರೆನ್ಸ್‌ನಲ್ಲಿ ಫೈಲ್ ಹ್ಯಾಂಡ್ಲಿಂಗ್ ಅನ್ನುವ ಕಡೆ, ಟೆಕ್ಸ್ಟ್ ಮತ್ತು ಸ್ಪ್ರೆಡ್‌ಶೀಟ್‌ಗೆ ಲಿಂಕ್ ಮಾಡು ಅಂತ ಒಂದು ಟಿಕ್ ಇದೆ, ಅದನ್ನು ಹಾಕಿಕೊಳ್ಳಬೇಕು. ಎಕ್ಸೆಲ್ ಬದಲಾದರೆ ಲಿಂಕ್ ಅಪ್‌ಡೇಟ್ ಕೊಟ್ಟರೆ ಮುಗಿಯಿತು. ಆದರೆ ಪುಟದಲ್ಲಿ ನೀವು ಕೈಯಿಂದ ಮಾಡಿದ್ದೆಲ್ಲ ಅಪ್‌ಡೇಟ್ ಆದಾಗ ಹೋಗುತ್ತದೆ. ಮಧ್ಯೆ ಮಧ್ಯೆ ಸೆಲ್ ಮರ್ಜ್ ಮಾಡಿ ಹಾಕಿದ ಉಪಶೀರ್ಷಿಕೆ ಸಾಲುಗಳು ಇದ್ದರಂತೂ ಬೇಡವೇ ಬೇಡ. ಒಂದೆರಡು ಪುಟದ ದರಪಟ್ಟಿಗೆ ಸಾಕು, ಪುಸ್ತಕಕ್ಕೆ ಸಾಲದು.

ಎರಡನೆಯದು ಎಕ್ಸ್‌ಎಂಎಲ್, ಅಂದರೆ ಪ್ರತಿ ಮಾಹಿತಿಗೂ ಟ್ಯಾಗ್ ಹಚ್ಚಿದ ಫೈಲ್. ಇದನ್ನು ಎಲ್ಲರೂ ಹೊಗಳುತ್ತಾರೆ, ನನಗೆ ಅಷ್ಟು ಇಷ್ಟ ಇಲ್ಲ. ಕಾರಣ ಏನೆಂದರೆ ಇನ್‌ಡಿಸೈನ್ ಓದುವ ಎಕ್ಸ್‌ಎಂಎಲ್ ಟೇಬಲ್‌ನಲ್ಲಿ ಸಾಲು ಅನ್ನುವುದೇ ಇಲ್ಲ. ಮೇಲೆ ಒಟ್ಟು ಎಷ್ಟು ಸಾಲು, ಎಷ್ಟು ಕಾಲಂ ಅಂತ ಹೇಳಿಬಿಟ್ಟು ಕೆಳಗೆ ಸೆಲ್‌ಗಳನ್ನು ಒಂದರ ಹಿಂದೆ ಒಂದು ಕೊಡುತ್ತಾ ಹೋಗಬೇಕು. ಅದು ಎಣಿಸಿಕೊಂಡು ಕೂರಿಸುತ್ತದೆ. ಎಲ್ಲೋ ಒಂದು ಐಟಂಗೆ ಸೈಜ್ ಸೆಲ್ ಬಿಟ್ಟುಹೋಯಿತು ಅಂದರೆ ಅಲ್ಲಿಂದ ಕೆಳಗೆ ಎಲ್ಲವೂ ಒಂದು ಮನೆ ಪಕ್ಕಕ್ಕೆ ಸರಿಯುತ್ತದೆ. ಎಚ್‌ಎಸ್‌ಎನ್ ಇರಬೇಕಾದ ಕಡೆ ಜಿಎಸ್‌ಟಿ, ಜಿಎಸ್‌ಟಿ ಇರಬೇಕಾದ ಕಡೆ ಬೆಲೆ. ಇನ್ನೊಂದು, ನಿಮ್ಮ ಪಟ್ಟಿಯಲ್ಲಿ "ನಟ್ & ಬೋಲ್ಟ್" ಇದ್ದೇ ಇರುತ್ತದೆ. ಆ & ಚಿಹ್ನೆಯನ್ನು ಎಸ್ಕೇಪ್ ಮಾಡದೆ, ಅಂದರೆ ಎಕ್ಸ್‌ಎಂಎಲ್‌ಗೆ ತಿಳಿಯುವ ಸಂಕೇತಕ್ಕೆ ಬದಲಿಸದೆ ಕೊಟ್ಟರೆ ಇಡೀ ಫೈಲ್ ಒಳಗೇ ಬರುವುದಿಲ್ಲ.

ನಾನು ಮಾಡುವುದು ಟ್ಯಾಗ್ಡ್ ಟೆಕ್ಸ್ಟ್, ಅಂದರೆ ಸ್ಟೈಲ್, ಟೇಬಲ್ ಎಲ್ಲವನ್ನೂ ಇನ್‌ಡಿಸೈನ್‌ನ ಟ್ಯಾಗ್‌ಗಳಲ್ಲಿ ಬರೆದ ಟೆಕ್ಸ್ಟ್ ಫೈಲ್. ಹಳೆಯ ವಿದ್ಯೆ, ಆದರೆ ಗಟ್ಟಿ. ಕಲಿಯುವ ವಿಧಾನ ಇಷ್ಟೇ: ನಿಮಗೆ ಹೇಗೆ ಬೇಕೋ ಹಾಗೆ ನಾಲ್ಕು ಸಾಲಿನ ಟೇಬಲ್ ಒಂದನ್ನು ಇನ್‌ಡಿಸೈನ್‌ನಲ್ಲೇ ಕೈಯಿಂದ ಮಾಡಿ. ಪ್ಯಾರಾಗ್ರಾಫ್ ಸ್ಟೈಲ್, ಸೆಲ್ ಸ್ಟೈಲ್, ಟೇಬಲ್ ಸ್ಟೈಲ್ ಎಲ್ಲ ಹಾಕಿ. ಕರ್ಸರ್ ಅದರಲ್ಲಿ ಇಟ್ಟು ಎಕ್ಸ್‌ಪೋರ್ಟ್‌ನಲ್ಲಿ ಇನ್‌ಡಿಸೈನ್ ಟ್ಯಾಗ್ಡ್ ಟೆಕ್ಸ್ಟ್ ಆರಿಸಿ. ಬಂದ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಟೇಬಲ್ ಎಲ್ಲಿ ಶುರು, ಸಾಲು ಎಲ್ಲಿ ಶುರು, ಸೆಲ್ ಎಲ್ಲಿ ಮುಗಿಯಿತು ಅಂತ ಟ್ಯಾಗ್‌ಗಳು ಕಾಣುತ್ತವೆ. ಅದೇ ಅಚ್ಚಿನಲ್ಲಿ ಎರಡು ಸಾವಿರ ಸಾಲು ಬರೆಯಲು ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ಸಾಕು. ಮೈಎಸ್‌ಕ್ಯುಎಲ್‌ನಿಂದ ಓದು, ಟ್ಯಾಗ್ ಹಚ್ಚು, ಫೈಲ್ ಉಳಿಸು. ಕನ್ನಡ ಇರುವುದರಿಂದ ಮೊದಲ ಸಾಲಿನಲ್ಲಿ ಯೂನಿಕೋಡ್ ಅಂತ ಘೋಷಿಸುವ ಟ್ಯಾಗ್ ಇರಬೇಕು, ಫೈಲನ್ನು ಯುಟಿಎಫ್-16ರಲ್ಲೇ (ಯೂನಿಕೋಡ್ ಉಳಿಸುವ ಒಂದು ಬಗೆ) ಉಳಿಸಬೇಕು. ಆಮೇಲೆ ಪ್ಲೇಸ್ ಕೊಟ್ಟು ಶಿಫ್ಟ್ ಒತ್ತಿ ಕ್ಲಿಕ್ ಮಾಡಿದರೆ ಪುಟಗಳು ತಾವೇ ಸೇರುತ್ತಾ ಹೋಗುತ್ತವೆ.

ಸ್ಕ್ರಿಪ್ಟ್ ಬಗ್ಗೆ ಆಮೇಲೆ ಬರೆಯುತ್ತೇನೆ, ಈಗ ಕರೆಂಟ್ ಹೋಗುವ ಹಾಗಿದೆ.

ಲೆಕ್ಕದ_ಪುಟ್ಟಿ (ಹಾಸನ)

ಡಿಸೈನ್ ನನಗೆ ಗೊತ್ತಿಲ್ಲ, ಲೆಕ್ಕ ಬರೆಯುವವಳು. ಆದರೂ ಒಂದು ಮಾತು. ಡೇಟಾವನ್ನು ದಯವಿಟ್ಟು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದು ಉಳಿಸಬೇಡಿ. ಫಿಟ್ಟಿಂಗ್ ಸೈಜ್ 1/2 ಅಂತ ಇದ್ದರೆ ಅದು ಫೆಬ್ರವರಿ 1 ಆಗುತ್ತದೆ. 3/4 ಇಂಚು ಏಪ್ರಿಲ್ 3 ಆಗುತ್ತದೆ. ಪಾರ್ಟ್ ನಂಬರ್ 0045 ಇದ್ದರೆ ಮುಂದಿನ ಸೊನ್ನೆ ಮಾಯ. ಮಧ್ಯದಲ್ಲಿ ಇಂಗ್ಲಿಷ್ ಇ (E) ಅಕ್ಷರ ಇರುವ ನಂಬರ್‌ಗಳಂತೂ ವಿಜ್ಞಾನದ ಪುಸ್ತಕದ ಸಂಖ್ಯೆ ಥರ ಆಗಿಬಿಡುತ್ತವೆ. ಉಳಿಸಿದ ಮೇಲೆ ವಾಪಸ್ ತರಲು ಆಗುವುದಿಲ್ಲ. ಎಕ್ಸೆಲ್ ಬೇಕೇ ಬೇಕು ಅಂದರೆ ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಎಲ್ಲ ಕಾಲಂಗೂ ಟೆಕ್ಸ್ಟ್ ಅಂತ ಹೇಳಿ.

ಇನ್ನೊಂದು, ಜಿಎಸ್‌ಟಿ ದರವನ್ನು ಪ್ರತಿ ಐಟಂ ಮುಂದೆ ಬರೆದು ಇಡುವುದು ಯಾಕೆ? ಎಚ್‌ಎಸ್‌ಎನ್‌ಗೆ ಒಂದು ಬೇರೆ ಟೇಬಲ್ ಮಾಡಿ, ದರ ಅಲ್ಲಿರಲಿ. ಮತ್ತೆ ದರ ಬದಲಾದರೆ ಅಲ್ಲಿ ಒಂದು ಸಾಲು ತಿದ್ದಿದರೆ ಸಾಕು. ಹಾಗಂತ ಹೆಸರು ನೋಡಿ ಎಚ್‌ಎಸ್‌ಎನ್ ಹಾಕಬೇಡಿ. ಒಂದೇ ಮೆಷಿನ್ನಿನ ಬೆಲ್ಟು, ಬೇರಿಂಗು, ಬೋಲ್ಟು ಬೇರೆ ಬೇರೆ ಕೋಡಿಗೆ ಹೋಗಬಹುದು. ಅದನ್ನು ಅವರ ಆಡಿಟರ್ ಹೇಳಲಿ.

ಸಂತೆಪೇಟೆ_ಡಿಟಿಪಿ

ಪುಟ್ಟಿ ಮೇಡಂ, ನಿಮ್ಮ ಮಾತು ಓದಿ ಡೀಲರ್ ಕೊಟ್ಟ ಎಕ್ಸೆಲ್ ತೆರೆದೆ. ಬಾಲ್ ವಾಲ್ವ್ ಸಾಲಿನಲ್ಲಿ ಸೈಜ್ "01-ಫೆಬ್" ಅಂತಲೇ ಇದೆ! ಅವರ ಅಂಗಡಿಯಲ್ಲಿ ಯಾರೂ ಗಮನಿಸಿಲ್ಲ. ನೇರ ಮೈಎಸ್‌ಕ್ಯುಎಲ್‌ನಿಂದ ತೆಗೆಯುವುದೇ ಸರಿ.

ಈಗ ಇನ್ನೊಂದು ತಲೆನೋವು. ಕನ್ನಡ ಹೆಸರಿನ ಕಾಲಂನಲ್ಲಿ ಅರ್ಧ ಐಟಂ ಸರಿಯಾಗಿವೆ. ಕೆಲವು ಇಂಗ್ಲಿಷ್ ಅಕ್ಷರಗಳ ಮೇಲೆ ಗೆರೆ ಚುಕ್ಕಿ ಬಂದ ಕಲಸುಮೇಲೋಗರ. ಇನ್ನು ಕೆಲವು ಕಡೆ ಬರೀ ಪ್ರಶ್ನೆ ಚಿಹ್ನೆ.

ಕಾಫಿಕಣಿವೆ

ಪ್ರಶ್ನೆ ಚಿಹ್ನೆ ಇರುವವು ಹೋದವು ಅಂತಲೇ ತಿಳಿಯಿರಿ. ಕನ್ನಡ ಹಿಡಿಯದ ಲ್ಯಾಟಿನ್ ಎನ್‌ಕೋಡಿಂಗ್ ಇರುವ ಕಾಲಂಗೆ ಯಾರೋ ಯೂನಿಕೋಡ್ ತುಂಬಿಸಿದ್ದಾರೆ. ಮೈಎಸ್‌ಕ್ಯುಎಲ್ ಅಕ್ಷರ ಗೊತ್ತಾಗದೆ ಪ್ರಶ್ನೆ ಚಿಹ್ನೆಯನ್ನೇ ಉಳಿಸಿಕೊಂಡಿದೆ. ಅದರ ಹಿಂದೆ ಏನೂ ಇಲ್ಲ. ಇಂಗ್ಲಿಷ್ ಹೆಸರು ನೋಡಿ ಮತ್ತೆ ಟೈಪ್ ಮಾಡಿಸಬೇಕು. ಮೊದಲು ಕಾಲಂ ಅನ್ನು ಯುಟಿಎಫ್-8 ಎಂಬಿ4ಗೆ ಬದಲಿಸಿ, ಕನೆಕ್ಷನ್ನಿಗೂ ಅದನ್ನೇ ಹೇಳಿ, ಆಮೇಲೆ ಟೈಪ್ ಮಾಡಿಸಿ.

ಕಲಸುಮೇಲೋಗರದಲ್ಲಿ ಎರಡು ಜಾತಿ. ಪ್ರತಿ ಅಕ್ಷರಕ್ಕೂ ಮೇಲೆ ಗೀಟಿರುವ ಸಣ್ಣ ಇಂಗ್ಲಿಷ್ ಎ (à), ಅದರ ಪಕ್ಕ ಎತ್ತರದಲ್ಲಿ ಪುಟ್ಟ 2 ಅಥವಾ 3, ಹೀಗೇ ಮತ್ತೆ ಮತ್ತೆ ಬರುತ್ತಿದ್ದರೆ ಅದು ಯೂನಿಕೋಡೇ. ಓದುವಾಗ ತಪ್ಪಾಗಿ ಓದಿದೆ ಅಷ್ಟೇ, ಸರಿ ಮಾಡಬಹುದು. ಹಾಗಲ್ಲದೆ ದೊಡ್ಡ ಅಕ್ಷರ, ಸಣ್ಣ ಅಕ್ಷರ, ಚಿಹ್ನೆ ಎಲ್ಲ ಬೆರೆತಿದ್ದರೆ ಅದು ಹಳೆಯ ನುಡಿ ಅಥವಾ ಶ್ರೀಲಿಪಿ ಆಸ್ಕಿ (ಯೂನಿಕೋಡ್‌ಗೆ ಮುಂಚಿನ ಕನ್ನಡ ಟೈಪಿಂಗ್). ನುಡಿ ಫಾಂಟ್ ಹಾಕಿ ನೋಡಿ, ಕನ್ನಡ ಕಂಡರೆ ಕನ್ವರ್ಟರ್‌ಗೆ ಕೊಡಿ.

ಹೊಯ್ಸಳ_ಗ್ರಿಡ್

ಕನ್ವರ್ಟ್ ಮಾಡುವಾಗ ಒಂದು ಎಚ್ಚರಿಕೆ. ಆಸ್ಕಿ ಕನ್ನಡದಲ್ಲಿ ಕನ್ನಡ ಅಕ್ಷರದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕುಳಿತಿರುತ್ತವೆ. ಅದೇ ಕಾಲಂನಲ್ಲಿ "ಪಿವಿಸಿ", "ಎಚ್‌ಟಿಪಿ" ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದ್ದರೆ ಕನ್ವರ್ಟರ್ ಅದನ್ನೂ ಕನ್ನಡ ಅಂದುಕೊಂಡು ಏನೋ ಮಾಡಿಬಿಡುತ್ತದೆ. ಮೊದಲು ಅಂಥ ಸಾಲುಗಳನ್ನು ಬೇರೆ ಮಾಡಿಟ್ಟುಕೊಳ್ಳಿ. ಅರ್ಕಾವತ್ತು ಇರುವ ಪದಗಳನ್ನೂ ಒಂದು ಸಲ ಕಣ್ಣಾಡಿಸಿ, ಅಲ್ಲಿ ಎಡವುವುದು ಜಾಸ್ತಿ.

ಯೂನಿಕೋಡ್ ಆದರೆ ಇನ್ನೊಂದು ಲಾಭ ಇದೆ. ಅಕಾರಾದಿ ಜೋಡಣೆ ಡೇಟಾಬೇಸ್‌ನಲ್ಲೇ ಆಗುತ್ತದೆ. ಆಸ್ಕಿಯಲ್ಲಿ ಸಾರ್ಟ್ ಕೊಟ್ಟರೆ ಅಕ್ಷರದ ತುಂಡುಗಳ ಕ್ರಮ ಬರುತ್ತದೆ ಹೊರತು ಅ ಆ ಇ ಈ ಬರುವುದಿಲ್ಲ.

ಇನ್‌ಡಿಸೈನ್ ಒಳಗೆ ಬಂದ ಮೇಲೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ಕಂಡರೆ ಫಾಂಟಿನ ತಪ್ಪಲ್ಲ. ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಶನ್ ಭಾಗದಲ್ಲಿ ಕಂಪೋಸರ್ ಅಂತ ಇರುತ್ತದೆ, ಅಲ್ಲಿ ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿ. ಸ್ಟೈಲ್‌ನಲ್ಲೇ ಹಾಕಿ. ಪುಟದಲ್ಲಿ ಸೆಲೆಕ್ಟ್ ಮಾಡಿ ಹಾಕಿದರೆ ಮುಂದಿನ ಸಲ ಟೇಬಲ್ ಹೊಸದಾಗಿ ಬಂದಾಗ ಮತ್ತೆ ಒಡೆಯುತ್ತದೆ.

ಅರಸೀಕೆರೆ_ಎಳನೀರು (ಅರಸೀಕೆರೆ)

ಇದಕ್ಕೆಲ್ಲ ರೆಡಿಮೇಡ್ ಪ್ಲಗಿನ್ ಸಿಗುವುದಿಲ್ವಾ? ಸುಮ್ನೆ ಕೇಳಿದೆ.

ಹೊಯ್ಸಳ_ಗ್ರಿಡ್

ಸಿಗುತ್ತದೆ. 65ಬಿಟ್ ಅವರ ಈಸಿಕ್ಯಾಟಲಾಗ್ ಇದೆ, ಎಮ್ ಸಾಫ್ಟ್‌ವೇರ್ ಅವರ ಇನ್‌ಡೇಟಾ, ಇನ್‌ಕ್ಯಾಟಲಾಗ್ ಇವೆ. ಈಸಿಕ್ಯಾಟಲಾಗ್ ಓಡಿಬಿಸಿ (ಡೇಟಾಬೇಸ್‌ಗೆ ಕೊಂಡಿ) ಮೂಲಕ ಡೇಟಾಬೇಸ್‌ಗೇ ಕೈ ಹಾಕುತ್ತದೆ. ಯಾವ ಬೆಲೆ ಪುಟದಲ್ಲಿ ಎಲ್ಲಿ ಕುಳಿತಿದೆ ಅಂತ ಅದಕ್ಕೆ ನೆನಪಿರುತ್ತದೆ, ಆದ್ದರಿಂದ ಲೇಔಟ್ ಕೆಡಿಸದೆ ಬೆಲೆ ಮಾತ್ರ ಬದಲಿಸಬಹುದು. ವರ್ಷವಿಡೀ ಕ್ಯಾಟಲಾಗ್ ಮಾಡುವ ದೊಡ್ಡ ಕಂಪನಿಗೆ ಅದು ದುಡ್ಡು ದುಡಿದು ಕೊಡುತ್ತದೆ. ವರ್ಷಕ್ಕೆ ಎರಡು ಪುಸ್ತಕ ಮಾಡುವ ನಮಗೆ ಮೂಗಿಗಿಂತ ಮೂಗುತಿ ಭಾರ.

ಸ್ಕ್ರೈಬಸ್ ಅನ್ನುವ ಇನ್ನೊಂದು ಪುಟ ಜೋಡಿಸುವ ಸಾಫ್ಟ್‌ವೇರ್ ಬಗ್ಗೆ ನೀವು ಕೇಳುವ ಮೊದಲೇ ಹೇಳುತ್ತೇನೆ. ಪುಕ್ಕಟೆ ಸಿಗುತ್ತದೆ, ಪೈಥಾನ್ ಸ್ಕ್ರಿಪ್ಟಿಂಗ್ ಇದೆ, 1.5ರ ಸಾಲಿನಿಂದ ಕನ್ನಡವೂ ಸರಿಯಾಗಿ ಬರುತ್ತದೆ. ಆದರೆ ಪುಟ ದಾಟಿ ಹರಿಯುವ ಉದ್ದ ಟೇಬಲ್‌ಗೆ ಅದನ್ನು ನಂಬಿ ಕೂರಲು ನನಗೆ ಧೈರ್ಯ ಇಲ್ಲ.

ಅರಸೀಕೆರೆ_ಎಳನೀರು

ನಾನು ವೆಬ್ ಕೆಲಸ ಮಾಡುವವನು. ಬ್ರೌಸರ್‌ನಲ್ಲಿ ಟೇಬಲ್ ಮಾಡಿ ಪಿಡಿಎಫ್‌ಗೆ ಪ್ರಿಂಟ್ ಕೊಟ್ಟರೆ ಹೆಡರ್ ಪ್ರತಿ ಪುಟಕ್ಕೂ ಬರುತ್ತದೆ, ಕನ್ನಡವೂ ಚೆನ್ನಾಗಿ ಬರುತ್ತದೆ. ಇಷ್ಟೆಲ್ಲ ಯಾಕೆ?

ಹಳೇ_ಮೊಳೆ

ಮಾರಾಯ, ಆ ಪಿಡಿಎಫ್ ತಂದು ಪ್ಲೇಟ್ (ಅಚ್ಚಿನ ತಗಡು) ಹಾಕಿಸಿ ನೋಡು. ನಿನ್ನ ಕಪ್ಪು ಆರ್‌ಜಿಬಿ (ಪರದೆಯ ಬಣ್ಣ) ಕಪ್ಪು. ಸೆಪರೇಶನ್ (ಅಚ್ಚಿನ ಬಣ್ಣಗಳಾಗಿ ಬೇರ್ಪಡಿಸುವುದು) ಮಾಡಿದರೆ ನಾಲ್ಕೂ ಬಣ್ಣದಲ್ಲಿ ಒಡೆದುಕೊಳ್ಳುತ್ತದೆ. ಒಂದು ಬಣ್ಣದ ಕೆಲಸಕ್ಕೆ ಅಕ್ಷರ ಶುದ್ಧ ಕಪ್ಪು ಪ್ಲೇಟ್‌ನಲ್ಲೇ ಇರಬೇಕು. ಗ್ರೇಗೆ ಬದಲಿಸಿಕೊಡುವವರು ಇದ್ದಾರೆ, ಸರಿ. ಬದಲಿಸಿದ ಮೇಲೆ ಅಕ್ಷರ ನೂರಕ್ಕೆ ನೂರು ಕಪ್ಪು ಇದೆಯೋ, ತೊಂಬತ್ತಕ್ಕೆ ಇಳಿದು ಚುಕ್ಕಿ ಚುಕ್ಕಿ ಆಗಿದೆಯೋ ಅಂತ ಯಾರು ನೋಡುತ್ತಾರೆ? ಎಂಟು ಪಾಯಿಂಟ್ ಅಕ್ಷರ ಚುಕ್ಕಿಯಲ್ಲಿ ಬಂದರೆ ಓದಲು ಆಗುವುದಿಲ್ಲ.

ಕಾಫಿಕಣಿವೆ

ಇದನ್ನು ಮೊಳೆ ಸರ್ ಥರದವರೇ ಹೇಳಬೇಕು, ನಮಗೆಲ್ಲಿ ಹೊಳೆಯುತ್ತದೆ.

ಈಗ ಸ್ಕ್ರಿಪ್ಟ್ ವಿಷಯಕ್ಕೆ ಬರುತ್ತೇನೆ. ಟ್ಯಾಗ್ಡ್ ಟೆಕ್ಸ್ಟ್ ಒಳಗೆ ತಂದ ಮೇಲೂ ಸ್ವಲ್ಪ ಕೆಲಸ ಉಳಿಯುತ್ತದೆ, ಅದಕ್ಕೆ ಇನ್‌ಡಿಸೈನ್ ಒಳಗೆ ಜಾವಾಸ್ಕ್ರಿಪ್ಟ್ ಓಡಿಸಬೇಕು. ಪೂರ್ತಿ ಸ್ಕ್ರಿಪ್ಟಿನಲ್ಲೇ ಮಾಡುವವರೂ ಇದ್ದಾರೆ. ಟ್ಯಾಬ್ ಹಾಕಿದ ಟೆಕ್ಸ್ಟ್ ಓದಿ, ಫ್ರೇಮಿಗೆ ಸುರಿದು, ಟೆಕ್ಸ್ಟ್ ಟು ಟೇಬಲ್ ಕೊಟ್ಟು, ಸ್ಟೈಲ್ ಹಚ್ಚುವುದು. ಎರಡೂ ಸರಿ. ಆದರೆ ಎರಡು ಸಾವಿರ ಸಾಲನ್ನು ಒಂದೇ ಟೇಬಲ್ ಮಾಡಬೇಡಿ. ಒಂದು ಸೆಲ್ ಮುಟ್ಟಿದರೂ ಅದರ ಕೆಳಗಿನದನ್ನೆಲ್ಲ ಇನ್‌ಡಿಸೈನ್ ಮತ್ತೆ ಲೆಕ್ಕ ಹಾಕುತ್ತದೆ, ಕಂಪ್ಯೂಟರ್ ಏದುಸಿರು ಬಿಡುತ್ತದೆ. ವಿಭಾಗಕ್ಕೆ ಒಂದು ಟೇಬಲ್ ಮಾಡಿ: ಸ್ಪ್ರೇಯರ್‌ಗೆ ಒಂದು, ಪಲ್ಪರ್‌ಗೆ ಒಂದು, ಹೀಗೆ. ಓಡುವಾಗ ಪರದೆ ರೀಡ್ರಾ ಆಗುವುದನ್ನು ನಿಲ್ಲಿಸಿ, ಇಡೀ ಸ್ಕ್ರಿಪ್ಟಿಗೆ ಒಂದೇ ಅನ್‌ಡೂ ಅಂತ ಹೇಳಿ, ಪ್ರಿಫ್ಲೈಟ್ (ತಪ್ಪು ಹುಡುಕುವ ತಪಾಸಣೆ) ಆಫ್ ಮಾಡಿಡಿ. ವೇಗದಲ್ಲಿ ಹಗಲು ರಾತ್ರಿ ವ್ಯತ್ಯಾಸ.

ಟೇಬಲ್ ಸ್ಟೈಲ್ ಹಾಕಿದರೆ ಎಲ್ಲ ಆಯಿತು ಅಂದುಕೊಳ್ಳಬೇಡಿ. ಕಾಲಂ ಅಗಲ ಟೇಬಲ್ ಸ್ಟೈಲ್‌ನಲ್ಲಿ ಇರುವುದೇ ಇಲ್ಲ. ಗೆರೆ, ಬಣ್ಣ, ಟೇಬಲ್ ಮೇಲೆ ಕೆಳಗೆ ಬಿಡುವ ಜಾಗ, ಯಾವ ಸಾಲಿಗೆ ಯಾವ ಸೆಲ್ ಸ್ಟೈಲ್, ಇಂಥವು ಮಾತ್ರ. ಅಗಲಗಳನ್ನು ಸ್ಕ್ರಿಪ್ಟೇ ಪ್ರತಿ ಟೇಬಲ್‌ಗೂ ಹಾಕಬೇಕು. ಇದು ಗೊತ್ತಿಲ್ಲದೆ ತುಂಬಾ ಜನ ಸ್ಟೈಲ್ ಕೆಲಸ ಮಾಡುತ್ತಿಲ್ಲ ಅಂತ ಬೈದುಕೊಳ್ಳುತ್ತಾರೆ.

ಡೇಟಾಬೇಸ್ ಕಡೆ ಒಂದು ವ್ಯೂ (ಬೇಕಾದ ಕಾಲಂಗಳನ್ನು ಜೋಡಿಸಿ ತೋರಿಸುವ ಪಟ್ಟಿ) ಮಾಡಿ. ಪುಸ್ತಕದಲ್ಲಿ ಯಾವ ಕ್ರಮದಲ್ಲಿ ಬೇಕೋ ಅದೇ ಕ್ರಮದಲ್ಲಿ ಕಾಲಂ, ಅದರಲ್ಲೇ ಜಿಎಸ್‌ಟಿ ಜೋಡಣೆ. ಮಾಹಿತಿ ಇಲ್ಲದ (ನಲ್) ಜಾಗಗಳನ್ನು ಅಲ್ಲೇ ಖಾಲಿ ಅಕ್ಷರಕ್ಕೆ ಬದಲಿಸಿ. ಇಲ್ಲದಿದ್ದರೆ ಸೈಜ್ ಇಲ್ಲದ ಐಟಂ ಮುಂದೆಲ್ಲ "ನಲ್" ಅಂತ ಅಚ್ಚಾಗುತ್ತದೆ. ಹೊರಗೆ ತರುವಾಗ ಅಲ್ಪವಿರಾಮದ ಸಿಎಸ್‌ವಿ ಬೇಡ, ಟ್ಯಾಬ್ ಇರಲಿ. 1,25,000 ಅಂತ ಬೆಲೆ ಇದ್ದ ಕಡೆ ಸಿಎಸ್‌ವಿ ಕಾಲಂ ಒಡೆಯುವುದು ನೋಡಿ ನೋಡಿ ಸಾಕಾಗಿದೆ.

ಸಂತೆಪೇಟೆ_ಡಿಟಿಪಿ

ಕಣಿವೆ ಅವರೇ, ತುಂಬಾ ಉಪಕಾರ ಆಯಿತು. ನಮ್ಮ ಅಂಗಡಿಯ ಹುಡುಗನಿಗೆ ಪೈಥಾನ್ ಬರುತ್ತದೆ, ಸ್ಪ್ರೇಯರ್ ವಿಭಾಗ ಒಂದನ್ನು ಟ್ಯಾಗ್ಡ್ ಟೆಕ್ಸ್ಟ್ ಮಾಡಿ ತಂದೆವು. ಬಂತು! ಎಲ್ಲ ಸಾಲೂ ಸರಿಯಾಗಿ ಕುಳಿತಿವೆ. ಆದರೆ ನೋಡಲು ಚೆನ್ನಾಗಿಲ್ಲ. ಒತ್ತಕ್ಷರ ಎಲ್ಲ ಕೆಳಗಿನ ಗೆರೆಗೆ ತಾಗುತ್ತಿದೆ. ವಿಭಾಗ ಮುಂದಿನ ಪುಟಕ್ಕೆ ಹೋದರೆ ಯಾವ ವಿಭಾಗ ಅಂತ ಗೊತ್ತಾಗುತ್ತಿಲ್ಲ.

ಹೊಯ್ಸಳ_ಗ್ರಿಡ್

ನಿಮ್ಮ ಪುಸ್ತಕದಲ್ಲಿ ಅತಿ ಜಾಸ್ತಿ ಬರುವ ಪದಗಳನ್ನು ನೋಡಿ: ಸ್ಪ್ರೇಯರ್, ಸ್ಪ್ರಿಂಗ್, ಸ್ಪ್ರಾಕೆಟ್, ಸ್ಪ್ರಿಂಕ್ಲರ್. ಎಲ್ಲದರಲ್ಲೂ ಸ ಕೆಳಗೆ ಪ ಒತ್ತು, ಅದರ ಜೊತೆ ರ ಒತ್ತು. ಇಂಗ್ಲಿಷ್ ಲೆಕ್ಕದಲ್ಲಿ ಲೀಡಿಂಗ್ (ಸಾಲಿನಿಂದ ಸಾಲಿಗೆ ಅಂತರ) ಆಟೋ ಇಟ್ಟರೆ 9 ಪಾಯಿಂಟಿಗೆ 10.8 ಬರುತ್ತದೆ. ಎರಡು ಒತ್ತಿಗೆ ಅದು ಏನೂ ಸಾಲದು. 13ರಿಂದ ಶುರು ಮಾಡಿ, ಸಾಲದಿದ್ದರೆ 14. ಲೀಡಿಂಗ್ ಜಾಸ್ತಿ ಮಾಡಿದರೆ ಎರಡು ಲೈನ್ ಹೆಸರುಗಳ ಮಧ್ಯೆ ಜಾಗ ಸಿಗುತ್ತದೆ, ಕೊನೆ ಲೈನ್ ಕೆಳಗೆ ಸಿಗುವುದಿಲ್ಲ. ಅದಕ್ಕೆ ಸೆಲ್ ಸ್ಟೈಲ್‌ನಲ್ಲಿ ಕೆಳಗಿನ ಇನ್ಸೆಟ್ (ಗೆರೆಯಿಂದ ಅಕ್ಷರಕ್ಕೆ ಬಿಡುವ ಜಾಗ) ಅನ್ನು ಮೇಲಿನದಕ್ಕಿಂತ ಜಾಸ್ತಿ ಇಡಿ. ಮೇಲೆ ಕೆಳಗೆ ಸಮ ಇಟ್ಟರೆ ಕನ್ನಡ ಯಾವಾಗಲೂ ಕೆಳಗೆ ಜಾರಿದ ಹಾಗೆ ಕಾಣುತ್ತದೆ.

ಸಾಲಿನ ಎತ್ತರ "ಎಕ್ಸಾಕ್ಟ್ಲಿ" ಇದ್ದರೆ "ಅಟ್ ಲೀಸ್ಟ್" ಮಾಡಿ. ಸಾಲು ಹೆಸರಿಗೆ ತಕ್ಕ ಹಾಗೆ ಬೆಳೆಯಲಿ.

ಕನ್ನಡಕ್ಕೆ ಒಂದು ಫಾಂಟ್, ಪಾರ್ಟ್ ನಂಬರ್‌ಗೆ ಇನ್ನೊಂದು ಬೇಕಾದರೆ ಕೈ ಹಾಕಬೇಡಿ. ಪ್ಯಾರಾಗ್ರಾಫ್ ಸ್ಟೈಲ್‌ನಲ್ಲಿ ಗ್ರೆಪ್ ಸ್ಟೈಲ್ (ಹೇಳಿದ ಮಾದರಿಯ ಅಕ್ಷರಕ್ಕೆ ತಾನೇ ಹಚ್ಚಿಕೊಳ್ಳುವ ಸ್ಟೈಲ್) ಹಾಕಿ ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ ಬೇರೆ ಕ್ಯಾರೆಕ್ಟರ್ ಸ್ಟೈಲ್ ಹೋಗುವ ಹಾಗೆ ಮಾಡಿ. ಬೆಲೆ ಕಾಲಂಗೆ ಒಂದೇ ಅಗಲದ ಅಂಕಿಗಳು, ಅಂದರೆ ಟ್ಯಾಬ್ಯುಲರ್ ಲೈನಿಂಗ್, ಬಲಕ್ಕೆ ಜೋಡಣೆ. ₹ ಚಿಹ್ನೆ ಬಂದಿದ್ದು 2010ರಲ್ಲಿ, ಅದಕ್ಕೂ ಹಳೆಯ ಫಾಂಟ್‌ಗಳಲ್ಲಿ ಇರುವುದಿಲ್ಲ, ಗುಲಾಬಿ ಬಣ್ಣದ ಡಬ್ಬಿ ಕಾಣುತ್ತದೆ. ಪ್ರತಿ ಸಾಲಿಗೂ ₹ ಯಾಕೆ ಬೇಕು, ಹೆಡರ್‌ನಲ್ಲಿ ಒಂದು ಸಲ ಹಾಕಿದರೆ ಸಾಲದಾ?

ಕಾಫಿಕಣಿವೆ

ವಿಭಾಗದ ಹೆಸರಿಗೆ ಒಂದು ಒಳ್ಳೆಯ ಉಪಾಯ ಇದೆ. ವಿಭಾಗಕ್ಕೆ ಒಂದು ಟೇಬಲ್ ಮಾಡಿದ್ದೀರಲ್ಲ, ಆ ಟೇಬಲ್‌ಗೆ ಎರಡು ಹೆಡರ್ ಸಾಲು ಕೊಡಿ. ಮೇಲಿನದರಲ್ಲಿ "ಸ್ಪ್ರೇಯರ್ ಬಿಡಿಭಾಗ (ಮುಂದುವರಿದಿದೆ)" ಅಂತ, ಕೆಳಗಿನದರಲ್ಲಿ ಕಾಲಂ ಹೆಸರುಗಳು. ಹೆಡರ್ ಸೆಟ್ಟಿಂಗ್‌ನಲ್ಲಿ ಸ್ಕಿಪ್ ಫಸ್ಟ್ ಟಿಕ್ ಮಾಡಿ. ಆಗ ಮೊದಲ ಪುಟದಲ್ಲಿ ಹೆಡರ್ ಕಾಣುವುದಿಲ್ಲ, ಎರಡನೆಯ ಪುಟದಿಂದ ಮಾತ್ರ ಕಾಣುತ್ತದೆ. ಮೊದಲ ಪುಟಕ್ಕೆ "ಮುಂದುವರಿದಿದೆ" ಇಲ್ಲದ ಹೆಸರು, ಕಾಲಂ ಹೆಸರು, ಎರಡನ್ನೂ ಮಾಮೂಲಿ ಸಾಲುಗಳಾಗಿ ಕೊಟ್ಟು ಹೆಡರ್ ಥರದ್ದೇ ಸೆಲ್ ಸ್ಟೈಲ್ ಹಚ್ಚಿ. ಈ ಎರಡು ಸಾಲಿಗೆ ಕೀಪ್ ವಿತ್ ನೆಕ್ಸ್ಟ್ ರೋ ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಪುಟದ ತಳದಲ್ಲಿ ವಿಭಾಗದ ಹೆಸರು ಒಂದೇ ನಿಂತು, ಐಟಂಗಳು ಮುಂದಿನ ಪುಟಕ್ಕೆ ಹೋಗುತ್ತವೆ.

ಹಳೇ_ಮೊಳೆ

ಇದೆಲ್ಲ ಸರಿ, ಒಪ್ಪುತ್ತೇನೆ. ನನ್ನ ಪ್ರಶ್ನೆ ಬೇರೆ. ಪ್ರೂಫ್ ಗಿರಾಕಿ ಕೈಗೆ ಹೋಗುತ್ತದೆ. ಅವರು ಕೆಂಪು ಪೆನ್ನಲ್ಲಿ ಅಲ್ಲಿ ಇಲ್ಲಿ ತಿದ್ದಿ ಕಳಿಸುತ್ತಾರೆ. ನಿಮ್ಮ ಹುಡುಗ ಪುಟದಲ್ಲೇ ತಿದ್ದುತ್ತಾನೆ. ಆಮೇಲೆ ಗಿರಾಕಿ "ಇನ್ನೊಂದು ನಾಲ್ಕು ಐಟಂ ಸೇರಿಸಿ" ಅನ್ನುತ್ತಾರೆ. ನೀವು ಮತ್ತೆ ಡೇಟಾಬೇಸ್‌ನಿಂದ ತರುತ್ತೀರಿ. ಮೊದಲು ತಿದ್ದಿದ್ದೆಲ್ಲ ಎಲ್ಲಿಗೆ ಹೋಯಿತು?

ಕಾಫಿಕಣಿವೆ

ಸರ್, ಇಡೀ ಚರ್ಚೆಯಲ್ಲಿ ಇದೇ ಮುಖ್ಯ ಪ್ರಶ್ನೆ. ಟ್ಯಾಗ್ಡ್ ಟೆಕ್ಸ್ಟೋ ಎಕ್ಸ್‌ಎಂಎಲ್ಲೋ ಅನ್ನುವುದು ಆಮೇಲೆ.

ನನ್ನ ನಿಯಮ ಒಂದೇ. ಪುಟದಲ್ಲಿ ಒಂದು ಅಕ್ಷರವನ್ನೂ ತಿದ್ದುವಂತಿಲ್ಲ. ಬೆಲೆ ತಪ್ಪಿದ್ದರೆ ಡೇಟಾಬೇಸ್‌ನಲ್ಲಿ ತಿದ್ದಿ. ಕಾಗುಣಿತ ತಪ್ಪಿದ್ದರೂ ಅಲ್ಲೇ. ಅಗಲ, ಜಾಗ, ಫಾಂಟ್ ಸರಿ ಇಲ್ಲದಿದ್ದರೆ ಸ್ಟೈಲ್ ಅಥವಾ ಸ್ಕ್ರಿಪ್ಟ್ ತಿದ್ದಿ. ಆಮೇಲೆ ಟೇಬಲ್‌ಗಳನ್ನೆಲ್ಲ ಅಳಿಸಿ ಹೊಸದಾಗಿ ತನ್ನಿ. ಪುಟವನ್ನು ಯಾವಾಗ ಬೇಕಾದರೂ ಬಿಸಾಡಬಹುದು ಅನ್ನುವ ಹಾಗಿರಬೇಕು. ಹಾಗೆ ಬಿಸಾಡಲು ಕೈ ನಡುಗಿದರೆ ಎಲ್ಲೋ ಪುಟದಲ್ಲಿ ತಿದ್ದಿದ್ದೀರಿ ಅಂತ ಅರ್ಥ.

ಹುಡುಗರು ಕೇಳುವುದಿಲ್ಲ, ಒಂದು ಅಕ್ಷರ ತಾನೇ ಅಂತ ಪುಟದಲ್ಲೇ ತಿದ್ದುತ್ತಾರೆ. ಅದಕ್ಕೆ ಟೇಬಲ್‌ಗಳನ್ನು ಬೇರೆ ಲೇಯರ್‌ನಲ್ಲಿಟ್ಟು ಬೀಗ ಹಾಕಿ. ಬೇಕೆಂದೇ ಬೀಗ ತೆಗೆಯಬೇಕಾದರೆ ಅರ್ಧ ಜನ ಸುಮ್ಮನಾಗುತ್ತಾರೆ.

ಹಳೇ_ಮೊಳೆ

ಮತ್ತೆ ಪ್ಲೇಟ್ ಹಾಕುವ ಹಿಂದಿನ ರಾತ್ರಿ ಒಂದು ಬೆಲೆ ಬದಲಾದರೆ? ಒಂದು ಅಂಕಿಗೆ ಇಡೀ ಪುಸ್ತಕ ಮತ್ತೆ ಹರಿಸುತ್ತೀರಾ? ಒಂದು ಹೆಸರು ಎರಡು ಲೈನ್ ಆಗಿ ಪುಟವೆಲ್ಲ ಜರುಗಿದರೆ ಪ್ರೂಫ್ ಮತ್ತೆ ಮೊದಲಿಂದ ಓದಬೇಕು.

ಹೊಯ್ಸಳ_ಗ್ರಿಡ್

ಇಲ್ಲಿ ನಾನು ಮೊಳೆ ಸರ್ ಕಡೆ. ಕೊನೆ ರಾತ್ರಿಯ ಒಂದು ಅಂಕಿಯನ್ನು ಪುಟದಲ್ಲೇ ತಿದ್ದಿ, ತಪ್ಪಿಲ್ಲ. ಆದರೆ ಅದೇ ಹೊತ್ತಿಗೆ ಡೇಟಾಬೇಸ್‌ನಲ್ಲೂ ತಿದ್ದಿ. ಯಾವುದು ಮೊದಲು ಅಂದರೆ ಡೇಟಾಬೇಸ್ ಮೊದಲು, ಪುಟ ಆಮೇಲೆ. ಉಲ್ಟಾ ಮಾಡಿದರೆ ಡೇಟಾಬೇಸ್ ತಿದ್ದಲು ಮರೆತೇ ಹೋಗುತ್ತದೆ.

ಕಾಫಿಕಣಿವೆ

ಸರಿ, ಅಷ್ಟಕ್ಕೆ ಒಪ್ಪುತ್ತೇನೆ. ಆದರೆ ಪಿಡಿಎಫ್ ಮಾಡುವ ಮೊದಲು ಒಂದು ತಾಳೆ ನೋಡುವ ಸ್ಕ್ರಿಪ್ಟ್ ಓಡಿಸಿ. ಪುಟದಲ್ಲಿರುವ ಪಾರ್ಟ್ ನಂಬರ್ ಮತ್ತು ಬೆಲೆಯನ್ನು ಓದಿ ಡೇಟಾಬೇಸ್ ಫೈಲಿನ ಜೊತೆ ಹೋಲಿಸಲಿ. ಎರಡರಲ್ಲೂ ಸಾಲಿನ ಲೆಕ್ಕ ಒಂದೇ ಇದೆಯಾ, ಬೆಲೆ ಖಾಲಿ ಇರುವ ಐಟಂ ಯಾವುದು, ಯಾವ ಸೆಲ್‌ನಲ್ಲಿ ಅಕ್ಷರ ತುಂಬಿ ಹೊರಗೆ ಹೋಗಿದೆ, ಇಷ್ಟನ್ನು ಒಂದು ಟೆಕ್ಸ್ಟ್ ಫೈಲಿಗೆ ಬರೆಯಲಿ. ಕೊನೆಯದು ತುಂಬಾ ಮುಖ್ಯ. ಸಾಲಿನ ಎತ್ತರ ಬೆಳೆಯಲು ಬಿಟ್ಟರೂ, ಒಂದೇ ಉದ್ದ ಪದ ಕಿರಿದಾದ ಕಾಲಂಗಿಂತ ಅಗಲವಾದರೆ ಅದು ಒಳಗೆ ಕೂರುವುದೇ ಇಲ್ಲ. ಸೆಲ್‌ನಲ್ಲಿ ಕೆಂಪು ಚುಕ್ಕಿ ಮಾತ್ರ ಇರುತ್ತದೆ, ಪಿಡಿಎಫ್‌ನಲ್ಲಿ ಜಾಗ ಖಾಲಿ. ಉದ್ದದ ಪಾರ್ಟ್ ನಂಬರ್‌ಗಳೇ ಹೀಗೆ ಮಾಯವಾಗುವುದು. ಪ್ರತಿ ಸೆಲ್‌ಗೂ ತುಂಬಿ ಹೋಗಿದೆಯಾ ಅಂತ ಕೇಳುವ ಗುಣ ಸ್ಕ್ರಿಪ್ಟಿಂಗ್‌ನಲ್ಲಿ ಇದೆ, ಅದನ್ನು ಬಳಸಿ.

ಲೆಕ್ಕದ_ಪುಟ್ಟಿ

ಬೆಲೆ ಹೋಲಿಸುವಾಗ ಒಟ್ಟು ಮೊತ್ತವನ್ನೂ ಕೂಡಿಸಿ ನೋಡಿ. ಪುಟದ ಬೆಲೆಗಳನ್ನೆಲ್ಲ ಕೂಡಿದ ಮೊತ್ತ, ಡೇಟಾಬೇಸಿನ ಮೊತ್ತ. ಒಂದು ಪೈಸೆ ವ್ಯತ್ಯಾಸ ಬಂದರೂ ಎಲ್ಲೋ ಏನೋ ಆಗಿದೆ ಅಂತ ತಿಳಿಯುತ್ತದೆ. ನಮ್ಮ ಲೆಕ್ಕದ ಕೆಲಸದಲ್ಲಿ ಇದು ದಿನಾ ಮಾಡುವುದು.

ಸಂತೆಪೇಟೆ_ಡಿಟಿಪಿ

ಎಲ್ಲ ವಿಭಾಗ ಹರಿಸಿದ್ದಾಯಿತು. ಒಟ್ಟು ಮೊತ್ತದ ಉಪಾಯ ಕೂಡಲೇ ಕೆಲಸಕ್ಕೆ ಬಂತು. ವ್ಯತ್ಯಾಸ ತೋರಿಸಿತು, ಹುಡುಕಿದರೆ ಚೈನ್ ವಿಭಾಗದಲ್ಲಿ ಒಂದು ಐಟಂ ಡೇಟಾಬೇಸ್‌ನಲ್ಲೇ ಎರಡು ವಿಭಾಗಕ್ಕೆ ಸೇರಿಕೊಂಡಿತ್ತು. ಡೀಲರ್‌ಗೆ ಹೇಳಿದರೆ ಅವರಿಗೇ ಆಶ್ಚರ್ಯ.

ಈಗ ಉಳಿದಿರುವುದು ಇದು. ಸೆಂಟರ್ ಪಿನ್ ಆದ್ದರಿಂದ ಪುಟ ನಾಲ್ಕರ ಲೆಕ್ಕದಲ್ಲಿ ಬರಬೇಕು. ನಮಗೆ ಎರಡು ಪುಟ ಖಾಲಿ ಉಳಿಯುತ್ತಿದೆ. ಲೀಡಿಂಗ್ ಕಡಿಮೆ ಮಾಡಿ ಎರಡು ಪುಟ ಒಳಗೆ ತಳ್ಳೋಣ ಅಂತ ಹುಡುಗ ಹೇಳುತ್ತಿದ್ದಾನೆ.

ಹೊಯ್ಸಳ_ಗ್ರಿಡ್

ಲೀಡಿಂಗ್ ಮುಟ್ಟಬೇಡಿ, ಒತ್ತು ಮತ್ತೆ ಗೆರೆಗೆ ತಾಗುತ್ತದೆ.

ಹಳೇ_ಮೊಳೆ

ಖಾಲಿ ಪುಟಕ್ಕೆ ಆರ್ಡರ್ ಫಾರಂ ಹಾಕು. ಐಟಂ ನಂಬರ್, ಎಷ್ಟು ಬೇಕು, ತೋಟದ ಹೆಸರು, ಸಹಿ. ರೈಟರ್ ಹರಿದು ಅಂಗಡಿಗೆ ಕಳಿಸುತ್ತಾನೆ, ಇಲ್ಲ ಫೋಟೋ ಹೊಡೆದು ವಾಟ್ಸಾಪ್ ಮಾಡುತ್ತಾನೆ. ಪುಸ್ತಕದ ಕೊನೆಯ ಹಾಳೆಗೆ ಇಡು, ಮಧ್ಯದಲ್ಲಿ ಇಟ್ಟರೆ ಹರಿದಾಗ ಪಿನ್ನಿನ ಆ ಕಡೆಯ ಪುಟವೂ ಸಡಿಲ ಆಗುತ್ತದೆ.

ಸಂತೆಪೇಟೆ_ಡಿಟಿಪಿ

ಕೊನೆ ಹಾಳೆ ಹರಿದರೂ ಮೊದಲ ಹಾಳೆ ಸಡಿಲ ಆಗುತ್ತದಲ್ವಾ ಸರ್? ಅದೂ ಒಂದೇ ಕಾಗದ ತಾನೇ?

ಹಳೇ_ಮೊಳೆ

ಆಗುತ್ತದೆ. ಅದಕ್ಕೇ ಪಿನ್ನಿನಿಂದ ಅರ್ಧ ಇಂಚು ಬಿಟ್ಟು ಪರ್ಫೊರೇಶನ್ (ಹರಿಯಲು ತೂತುಗಳ ಸಾಲು) ಹೊಡೆಸು. ಆ ತುಂಡು ಪಿನ್ನಿನಲ್ಲೇ ಉಳಿಯುತ್ತದೆ, ಮೊದಲ ಹಾಳೆಗೆ ಏನೂ ಆಗುವುದಿಲ್ಲ. ಫಾರಂ ಗೆರೆಗಳನ್ನು ಆ ಅರ್ಧ ಇಂಚಿನೊಳಗೆ ತರಬೇಡ ಅಂತ ಹುಡುಗನಿಗೆ ಹೇಳು.

ಕಾಫಿಕಣಿವೆ

ಫಾರಂ ಟೇಬಲ್ಲನ್ನು ಡೇಟಾ ಟೇಬಲ್‌ಗಳ ಲೇಯರ್‌ನಲ್ಲಿ ಇಡಬೇಡಿ ಅಣ್ಣಾ. ಮುಂದಿನ ಸಲ ಸ್ಕ್ರಿಪ್ಟ್ ಅಳಿಸುವಾಗ ಅದನ್ನೂ ಸೇರಿಸಿ ಅಳಿಸಿಬಿಡುತ್ತದೆ.